ಮೂಕಿ ಚಿತ್ರಕ್ಕೆ ಧಾರವಾಡದ ಮಾತು: ಓಝು ಸಿನಿಮಾವನ್ನು ಓಣಿಯ ಹುಡುಗರಿಗೆ ತೋರಿಸುವ ಬಗೆ

ಜಪಾನಿನ ನಿರ್ದೇಶಕ ಯಸುಜಿರೊ ಓಝು 1932ರಲ್ಲಿ ಮಾಡಿದ ‘ಉಮರೆತೆ ವ ಮಿತಾ ಕೆರೆದೊ’ ಅಂದರೆ ‘ಹುಟ್ಟಿದ್ದೇನೋ ಹೌದು, ಆದರೆ…’ ಅನ್ನುವ ಅರ್ಥ. ಸುಮಾರು ಒಂದೂವರೆ ಗಂಟೆಯ ಮೂಕಿ. ಟೋಕಿಯೊ ಊರಂಚಿಗೆ ಹೊಸದಾಗಿ ಬಂದ ಅಣ್ಣ-ತಮ್ಮ, ಓಣಿಯ ಪುಂಡರು, ಸಾಹೇಬರ ಮುಂದೆ ಬಗ್ಗುವ ಅಪ್ಪ ಇಷ್ಟೇ ಕಥೆ. ಹುಬ್ಬಳ್ಳಿ-ಧಾರವಾಡದ ಯಾವ ಓಣಿಯ ಹುಡುಗರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಡಕಿರುವುದು ನಡುನಡುವೆ ಬರುವ ಅಕ್ಷರದ ಫಲಕಗಳಲ್ಲಿ. ಅವು ಜಪಾನಿಯಲ್ಲಿವೆ, ಕೆಳಗಿನ ಸಾಲು ಇಂಗ್ಲಿಷಿನಲ್ಲಿ. ಮೂರನೇ ಇಯತ್ತೆಯ ಹುಡುಗ ಓದಿ ಮುಗಿಸುವುದರೊಳಗೆ ಫಲಕ ಹೋಗಿರುತ್ತದೆ.

ಹಾಗಾಗಿ ಒಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಬೇಕು. ಜಪಾನಿನಲ್ಲೂ ರೂಢಿ ಹಾಗೇ ಇತ್ತು: ‘ಬೆನ್ಶಿ’ ಎಂಬ ಕಥೆಗಾರರು ಪರದೆಯ ಪಕ್ಕ ನಿಂತು ಎಲ್ಲ ಪಾತ್ರಗಳ ಮಾತೂ ಆಡುತ್ತಿದ್ದರು. ಅಲ್ಲಿ 1931ರಲ್ಲೇ ಪೂರ್ಣ ಟಾಕಿ ಬಂದರೂ ಓಝು ತಮ್ಮ ಮೊದಲ ಟಾಕಿ ಮಾಡಿದ್ದು 1936ರಲ್ಲಿ.

ಮೊದಲು ಒಬ್ಬರೇ ಕೂತು, ಪ್ರತಿ ಫಲಕಕ್ಕೂ ನಿಲ್ಲಿಸಿ, ವಹಿಯಲ್ಲಿ ಕನ್ನಡ ಸಾಲು ಬರೆದುಕೊಳ್ಳಿ. ಪಕ್ಕದಲ್ಲಿ ನಿಮಿಷ ಬರೆಯಬೇಡಿ, ಫಲಕದ ಕ್ರಮಸಂಖ್ಯೆ ಬರೆಯಿರಿ. ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಚಿತ್ರ ಯಾವುದೋ ಡಿಸ್ಕಿನಲ್ಲಿ 25ರ ವೇಗದಲ್ಲಿ ಓಡಿದರೆ 100 ನಿಮಿಷದ್ದು 96ಕ್ಕೇ ಮುಗಿಯುತ್ತದೆ. ಬೇರೆ ಡಿಸ್ಕ್ ಹಾಕಿದ ದಿನ ನಿಮ್ಮ ನಿಮಿಷಗಳೆಲ್ಲ ತಪ್ಪುತ್ತವೆ. ಒಂದು ಫಲಕಕ್ಕೆ ಏಳೆಂಟು ಶಬ್ದ ಸಾಕು. ಫಲಕವಲ್ಲದ ಬರಹವನ್ನೂ ಗುರುತಿಸಿಡಿ: ಒಬ್ಬ ಚಿಕ್ಕ ಹುಡುಗನ ಬೆನ್ನಿಗೆ ‘ಹೊಟ್ಟೆ ಕೆಟ್ಟಿದೆ, ಏನೂ ತಿನ್ನಲು ಕೊಡಬೇಡಿ’ ಎಂಬ ಚೀಟಿ ಅಂಟಿಸಿರುತ್ತಾರೆ. ಅದನ್ನು ಓದದೆ ಬಿಟ್ಟರೆ ಒಂದು ಒಳ್ಳೆಯ ನಗೆ ಹೋಯಿತು.

ಗ್ರಂಥದ ಕನ್ನಡ ಇಲ್ಲಿ ಸತ್ತಂತೆ ಕೇಳುತ್ತದೆ. ಸಾಹೇಬರ ಮನೆಯಲ್ಲಿ ತೋರಿಸುವ ಫಿಲ್ಮಿನಲ್ಲಿ ಅಪ್ಪ ಮಂಗಚೇಷ್ಟೆ ಮಾಡುವುದನ್ನು ಕಂಡ ಮಕ್ಕಳು ಮನೆಗೆ ಬಂದು ಜಗಳ ತೆಗೆಯುತ್ತಾರಲ್ಲ, ಅಲ್ಲಿ ಹೀಗೆ ಬರೆಯಬಹುದು:

“ಅಪ್ಪಾ, ನೀ ಯಾಕ ಅವರಿಗೆ ಅಷ್ಟು ಬಗ್ಗತಿ?”
“ಅವರು ನನಗ ಪಗಾರ ಕೊಡ್ತಾರಪಾ.”
“ಹಂಗಾರ ತಗೋಬ್ಯಾಡ!”

ಪ್ರತಿ ಪಾತ್ರಕ್ಕೂ ದನಿ ಬದಲಿಸುವ ಹುರುಪು ಬೇಡ. ಅಣ್ಣ, ತಮ್ಮ, ಅಪ್ಪ ಈ ಮೂವರನ್ನು ಗುರುತಿಸುವಷ್ಟು ಏರಿಳಿತ ಸಾಕು. ರೈಲಿನ ಸದ್ದನ್ನಂತೂ ಬಾಯಿಂದ ಮಾಡಬೇಡಿ. ಹಿಂದೆ ರೈಲು ಮತ್ತೆ ಮತ್ತೆ ಹಾಯುತ್ತದೆ, ಒಮ್ಮೆ ಮಾಡಿದರೆ ಕೊನೆತನಕ ಮಾಡಬೇಕಾಗುತ್ತದೆ! ಮುಖವೇ ಹೇಳುವುದನ್ನು ಬಾಯಿ ಹೇಳಿದಾಗಲೇ ಈ ಚಿತ್ರ ಕೆಡುವುದು. ಶಾಲೆಯ ಸಾಲಿನಿಂದ ಕಚೇರಿಯ ಮೇಜುಗಳ ಸಾಲಿಗೆ ಕ್ಯಾಮೆರಾ ಸರಿಯುವ ಜಾಗ ಬಂದಾಗ ಬಾಯಿ ಮುಚ್ಚಿಕೊಂಡಿರಿ.

ಈಗ ಪರದೆ. ಚಿತ್ರದ ಆಕಾರ ಹೆಚ್ಚುಕಡಿಮೆ ಹಳೆಯ ಟಿವಿಯಂತೆ 4:3. ಅಗಲದ ಟಿವಿ ಅದನ್ನು ಎಳೆದು ತುಂಬಿಸುತ್ತದೆ. ಸೈಕಲ್ ಗಾಲಿ ಮೊಟ್ಟೆಯಂತೆ ಕಂಡರೆ ಅದೇ ಕಾರಣ. ‘ಪಿಕ್ಚರ್ ಸೈಜ್’ನಲ್ಲಿ 4:3 ಅಥವಾ ಒರಿಜಿನಲ್ ಆರಿಸಿ. ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಸರಿಯಾಗಿದೆ ಎಂದರ್ಥ. ಮೋಷನ್‌ಫ್ಲೋ, ಟ್ರೂಮೋಷನ್ ಥರದ, ಚಲನೆಯನ್ನು ನುಣುಪು ಮಾಡುವ ಟಿವಿ ಸೆಟ್ಟಿಂಗನ್ನು ಬಂದ್ ಮಾಡಿಬಿಡಿ, ಇಲ್ಲದಿದ್ದರೆ ಹುಡುಗರ ಓಟ ಧಾರಾವಾಹಿಯಂತೆ ಜಾರುತ್ತದೆ.

ಪ್ರೊಜೆಕ್ಟರ್ ಇದ್ದರೆ 16:9 ಬಿಂಬವನ್ನು 8 ಅಡಿ ಅಗಲಕ್ಕೆ ಹೊಂದಿಸಿ. ನಡುವೆ ಚಿತ್ರ 6 ಅಡಿ ಅಗಲ, 4.5 ಅಡಿ ಎತ್ತರ ಸಿಗುತ್ತದೆ. ಥ್ರೋ ಅನುಪಾತ (ಪರದೆಯಿಂದ ಯಂತ್ರದ ದೂರ ಬಿಂಬದ ಅಗಲದ ಎಷ್ಟು ಪಟ್ಟು ಎಂಬುದು) 1.5 ಇರುವ ಯಂತ್ರಕ್ಕೆ ಇದು 12 ಅಡಿ ದೂರ. ಸುಣ್ಣ ಹಚ್ಚಿದ ಗೋಡೆ ಎಲ್ಲಕ್ಕಿಂತ ಚಲೋ. ಆಯಿಲ್ ಪೇಂಟ್ ಹೊಳೆಯುತ್ತದೆ, ಒಂಟಿ ಚಾದರದಲ್ಲಿ ಬೆಳಕು ಆಚೆಗೆ ಸೋರಿ ಚಿತ್ರ ಮಂಕಾಗುತ್ತದೆ. ಮಾಳಿಗೆಯ ಮೇಲಾದರೆ ಚಾದರವನ್ನು ಎರಡು ಪದರ ಮಾಡಿ, ಕೆಳ ಅಂಚಿಗೆ ಬಿದಿರು ಕಟ್ಟಿ. ಧಾರವಾಡದ ಸಂಜೆ ಗಾಳಿ ಸುಮ್ಮನಿರುವುದಿಲ್ಲ. ಮೇ ತಿಂಗಳಲ್ಲಿ ಏಳೂಮುಕ್ಕಾಲಕ್ಕೆ ಮುಂಚೆ ಶುರುಮಾಡಿದರೆ ಬೂದು ಬಣ್ಣ ಬಿಟ್ಟು ಏನೂ ಕಾಣದು. ದೀಪದ ಬಲ್ಬ್ ಇರುವ ಹಳೆಯ ಪ್ರೊಜೆಕ್ಟರನ್ನು ಯುಪಿಎಸ್‌ಗೇ ಹಾಕಿ. ಕರೆಂಟು ಹೋದರೆ ಒಳಗಿನ ಫ್ಯಾನ್ ನಿಂತು, ಕಾದ ಬಲ್ಬ್ ತಣಿಯದೆ ಬೇಗ ಹಾಳಾಗುತ್ತದೆ.

ಪರದೆಯ ಕೆಳ ಅಂಚು ನೆಲದಿಂದ ಎರಡೂವರೆ ಅಡಿ ಇರಲಿ, ಎಲ್ಲರೂ ಜಮಖಾನೆಯ ಮೇಲೆ ಕೂರಲಿ. ಓಝು ಕ್ಯಾಮೆರಾ ಇಡುವುದೇ ತಗ್ಗಿನಲ್ಲಿ. ಕುರ್ಚಿ ಹಾಕಿದರೆ ಮಕ್ಕಳ ಕಣ್ಣಮಟ್ಟ ತಪ್ಪುತ್ತದೆ.

ಡಿಸ್ಕಿನಲ್ಲಿರುವ ಸಂಗೀತ ಆಮೇಲೆ ಸೇರಿಸಿದ್ದು, ಪೂರ್ತಿ ನಿಲ್ಲಿಸಿದರೂ ಓಝುಗೆ ಅನ್ಯಾಯವಿಲ್ಲ. ಪೇಟಿ ನುಡಿಸುವವರು ಸಿಕ್ಕರೆ ಹುಡುಗರ ಆಟಕ್ಕೆ ನುಡಿಸಲಿ. ಅಪ್ಪ ದೊಡ್ಡ ಮಗನಿಗೆ ಹೊಡೆಯುವಲ್ಲಿ ಪೇಟಿಯೂ ಬೇಡ, ಮಾತೂ ಬೇಡ.

ವಿರಾಮ ಕೊಡುವುದಾದರೆ ಸಾಹೇಬರ ಮನೆಗೆ ಹೋಗುವ ಮುಂಚೆ ಕೊಡಿ; ಅಲ್ಲಿಂದ ಮುಂದೆ ಕಥೆಯನ್ನು ಕಡಿಯುವ ಹಾಗಿಲ್ಲ. ವಿರಾಮದಲ್ಲಿ ನೀರು ಮಾತ್ರ. ಉಪವಾಸ ಹೂಡಿದ ಅಣ್ಣ-ತಮ್ಮ ಹಿತ್ತಲಲ್ಲಿ ಅನ್ನದುಂಡೆ ಮುಂದಿಟ್ಟುಕೊಂಡು ಕೂರುವ ಹೊತ್ತಿಗೆ ನೋಡುವವರ ಹೊಟ್ಟೆಯೂ ಚುರುಗುಟ್ಟುತ್ತಿರಬೇಕು. ಗಿರ್ಮಿಟ್ಟು-ಮಿರ್ಚಿ ಆಮೇಲೆ.