ಡಿಬಗರ್‌ಗೆ ಕರ್ನಲ್ ಬೆಂಬಲ: ನನ್ನ ಅನುಭವ

ಡಿಬಗರ್ ಅಂದರೆ ಓಡುವ ಪ್ರೋಗ್ರಾಂ ನಿಲ್ಲಿಸಿ ಒಳಗೆ ಇಣುಕಿ ತಪ್ಪು ಹುಡುಕುವ ಸಾಧನ. ನನ್ನದು ಪಿಟ್ರೇಸ್ (ಒಂದು ಪ್ರೋಗ್ರಾಂ ಇನ್ನೊಂದನ್ನು ನಿಯಂತ್ರಿಸಲು ಲಿನಕ್ಸ್ ಕೊಡುವ ಸೌಲಭ್ಯ) ಮೇಲೆ ಓಡುತ್ತಿತ್ತು. ಅದಕ್ಕೆ ಲಿನಕ್ಸ್ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳನ್ನೇ ಡಿಬಗ್ ಮಾಡುವ ಬೆಂಬಲ ಸೇರಿಸುವಾಗ ನಾನು ಮೊದಲು ಬರೆದದ್ದು ಜಿಡಿಬಿ ರಿಮೋಟ್ ಪ್ರೊಟೊಕಾಲ್, ದೂರದ ಯಂತ್ರದೊಡನೆ ಡಿಬಗರ್ ಮಾತಾಡುವ ರೀತಿ. ಅದು ಸುಲಭದ ಭಾಗ. ಪ್ರತಿ ಸಂದೇಶದಲ್ಲೂ ಡಾಲರ್ ಚಿಹ್ನೆ, ಮಾಹಿತಿ, ಹ್ಯಾಷ್ ಚಿಹ್ನೆ (#), ಕೊನೆಗೆ ಎರಡು ಹೆಕ್ಸ್ ಅಂಕಿಯ ಚೆಕ್‌ಸಮ್ (ಸಂದೇಶ ಕೆಡದೆ ಬಂತೇ ಎಂದು ನೋಡುವ ಮೊತ್ತ). ಕಂಪ್ಯೂಟರನ್ನೇ ಅನುಕರಿಸುವ ಕ್ಯೂಎಮುವಿಗೆ ಸಣ್ಣ ಎಸ್ (-s), ದೊಡ್ಡ ಎಸ್ (-S) ಎರಡೂ ಆಯ್ಕೆ ಕೊಟ್ಟರೆ 1234ನೇ ಪೋರ್ಟ್ ತೆರೆಯುತ್ತದೆ, ಸಿಪಿಯು ಶುರುವಾಗದೆ ಕಾಯುತ್ತದೆ. ನಿಜವಾದ ಯಂತ್ರಕ್ಕಾದರೆ ಕೆಜಿಡಿಬಿ (ಕರ್ನಲ್ಲಿನೊಳಗೇ ಇರುವ ಡಿಬಗ್ ಭಾಗ) ಮತ್ತು ಸೀರಿಯಲ್ ಕೇಬಲ್. ಕಾರವಾರದ ಉಪ್ಪುಗಾಳಿಗೆ ಕನೆಕ್ಟರ್ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಚೆಕ್‌ಸಮ್ ಪದೇಪದೇ ತಪ್ಪಿದರೆ ಕೋಡ್ ಕೆದಕುವ ಮೊದಲು ಪಿನ್ ಒರೆಸಿ.

ಬೂಟ್‌ನ ಆರಂಭದಲ್ಲಿ, ಕೆವಿಎಂ (ಕ್ಯೂಎಮುವಿನ ಕೋಡನ್ನು ನಿಜವಾದ ಸಿಪಿಯು ಮೇಲೇ ಓಡಿಸುವ ಸೌಲಭ್ಯ) ಜೊತೆ, ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್, ಅಂದರೆ ಮೆಮೊರಿಯಲ್ಲಿನ ಕೋಡ್ ಬದಲಿಸಿ ಹಾಕುವ ನಿಲುಗಡೆ, ಕೂರುವುದಿಲ್ಲ: ಕರ್ನಲ್ಲಿನ ವರ್ಚುವಲ್ ವಿಳಾಸ ಆಗಿನ್ನೂ ಮ್ಯಾಪ್ ಆಗಿರುವುದಿಲ್ಲ. ಸಿಪಿಯುವೇ ವಿಳಾಸ ಗಮನಿಸಿ ನಿಲ್ಲಿಸುವ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟೇ ಬೇಕು, ಎಕ್ಸ್86ರಲ್ಲಿ ಇರುವುದು ನಾಲ್ಕೇ. ಕೆಎಎಸ್‌ಎಲ್‌ಆರ್ (ಪ್ರತಿ ಬೂಟ್‌ಗೂ ಕರ್ನಲ್ಲನ್ನು ಬೇರೆ ವಿಳಾಸದಲ್ಲಿ ಕೂರಿಸುವ ರಕ್ಷಣೆ) ಅನ್ನು ಬೂಟ್ ಆಯ್ಕೆಯಲ್ಲೇ ಮುಚ್ಚಿಬಿಡಿ. ಇಲ್ಲದಿದ್ದರೆ ಸಿಂಬಲ್‌ಗಳೆಲ್ಲ (ಫಂಕ್ಷನ್, ವೇರಿಯಬಲ್‌ಗಳ ಹೆಸರುಗಳು) ಒಂದೇ ಅಂತರದಷ್ಟು ಜರುಗಿ ಕೂತಿರುತ್ತವೆ.

ಜೀವ ತಿಂದದ್ದು ಟಾಸ್ಕ್‌ಗಳು, ಅಂದರೆ ಕರ್ನಲ್ ಓಡಿಸುವ ಒಂದೊಂದು ಥ್ರೆಡ್‌ನ ದಾಖಲೆ. ಕ್ಯೂಎಮು ಥ್ರೆಡ್ ಎಂದು ತೋರಿಸುವುದು ಸಿಪಿಯುಗಳನ್ನು ಮಾತ್ರ. ಮಲಗಿರುವ ಟಾಸ್ಕ್ ಬೇಕೆಂದರೆ ಇನಿಟ್ ಟಾಸ್ಕ್‌ನಿಂದ ಹೊರಟು ಟಾಸ್ಕ್ಸ್ ಪಟ್ಟಿ ಸುತ್ತಬೇಕು. ಫೀಲ್ಡ್‌ಗಳ ಆಫ್‌ಸೆಟ್ (ದಾಖಲೆಯೊಳಗೆ ಎಷ್ಟನೇ ಬೈಟಿನಲ್ಲಿದೆ ಎಂಬುದು) ಕೈಯಾರೆ ಬರೆಯಬೇಡಿ, ಕಾನ್ಫಿಗ್ ಬದಲಾದರೆ ಅದೂ ಬದಲಾಗುತ್ತದೆ, ಕಂಪೈಲರ್ ಬರೆದಿಡುವ ಡಿಬಗ್ ಮಾಹಿತಿ ಡ್ವಾರ್ಫ್‌ನಿಂದ ಓದಿ. ಆ ಪಟ್ಟಿಯಲ್ಲಿ ಸಿಗುವುದು ಥ್ರೆಡ್ ಗುಂಪಿನ ಮುಖ್ಯಸ್ಥರು ಮಾತ್ರ, ಉಳಿದವರನ್ನು ಗುಂಪಿನೊಳಗೆ ಇಳಿದು ಹುಡುಕಬೇಕು. ಎಕ್ಸ್86-64ರಲ್ಲಿ ಮಲಗಿದ ಟಾಸ್ಕ್‌ನ ಉಳಿಸಿಟ್ಟ ಸ್ಟ್ಯಾಕ್ ಪಾಯಿಂಟರ್ ಬಳಿ ಆರು ರಿಜಿಸ್ಟರ್, ಅದರ ಮೇಲೆ 48ನೇ ಬೈಟಿನಲ್ಲಿ ಮರಳುವ ವಿಳಾಸ. ಓಡುತ್ತಿರುವ ಟಾಸ್ಕ್‌ಗೆ ಇದೇ ಲೆಕ್ಕ ಹಾಕಿದರೆ ಹಳಸಿದ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಎಂಬ ಪಟ್ಟಿ) ಬರುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ! ಅದಕ್ಕೆ ಸಿಪಿಯು ರಿಜಿಸ್ಟರ್‌ಗಳನ್ನೇ ಕೊಡಿ.

ಸೀರಿಯಲ್‌ನಲ್ಲಿ ವೇಗವೂ ತಲೆನೋವೇ. 115200 ಬಾಡ್ ಅಂದರೆ ಸೆಕೆಂಡಿಗೆ 11520 ಅಕ್ಷರ. ಮೆಮೊರಿಯ ಒಂದು ಬೈಟಿಗೆ ಹೆಕ್ಸ್‌ನಲ್ಲಿ ಎರಡು ಅಕ್ಷರ, ಅಲ್ಲಿಗೆ ಹೆಚ್ಚೆಂದರೆ 5760 ಬೈಟ್. ಟಾಸ್ಕ್ ರಚನೆಯನ್ನು ಪೂರ್ತಿ ಎಳೆದರೆ ಒಂದೊಂದು ಸ್ಟೆಪ್‌ಗೂ ಚಾ ಕುಡಿದು ಬರಬಹುದು. ಪಿಐಡಿ (ಟಾಸ್ಕ್‌ನ ಸಂಖ್ಯೆ), 16 ಬೈಟಿನ ಹೆಸರು, ಮುಂದಿನ ಕೊಂಡಿ, ಸ್ಟ್ಯಾಕ್ ಪಾಯಿಂಟರ್, ಸಿಪಿಯು ಮೇಲಿದೆಯೇ ಎಂಬ ಗುರುತು ಇಷ್ಟೇ ಓದಿ. ಯಂತ್ರ ಮತ್ತೆ ಓಡುವವರೆಗೆ ಅದನ್ನೇ ಇಟ್ಟುಕೊಳ್ಳಿ.

ಕೊನೆಗೆ ಪಿಐಡಿ 0. ಪ್ರತಿ ಸಿಪಿಯುವಿನ ಐಡಲ್ ಟಾಸ್ಕ್‌ಗೂ (ಬೇರೆ ಕೆಲಸವಿಲ್ಲದಾಗ ಓಡುವಂಥದ್ದು) ಅದೇ ಸಂಖ್ಯೆ. ಆದರೆ ಪ್ರೊಟೊಕಾಲ್‌ನಲ್ಲಿ 0 ಅಂದರೆ ‘ಯಾವುದಾದರೂ ಥ್ರೆಡ್’, -1 ಅಂದರೆ ‘ಎಲ್ಲವೂ’. ಹಾಗಾಗಿ ಕೆಜಿಡಿಬಿ ಮೊದಲ ಸಿಪಿಯುವಿನ ಐಡಲ್‌ಗೆ -2, ಎರಡನೆಯದಕ್ಕೆ -3 ಎಂದು ಕೊಡುತ್ತದೆ. ನಾನೂ ಅದನ್ನೇ ಇಟ್ಟುಕೊಂಡೆ.