ಬಾಟಲಿಯ ಬಿಳಿ ಕಲೆ: ತಿಕ್ಕಬೇಡಿ, ನೆನೆಸಿಡಿ

ಕಲಬುರಗಿಯಲ್ಲಿ ಬೋರ್ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಬೆಳ್ಳಗಾಗದೆ ಇರುತ್ತಾ? ನೆಲಕ್ಕೆ ಹಾಸುವ ಶಹಾಬಾದ್ ಪರಸಿಯೂ ಸೇಡಂ ಸಿಮೆಂಟೂ ಹುಟ್ಟುವುದು ಇಲ್ಲಿನ ಸುಣ್ಣಕಲ್ಲಿನಿಂದ. ಅದರ ಸಂದಿಯಲ್ಲಿ ಇಳಿದ ನೀರು ಸುಣ್ಣ ಕರಗಿಸಿಕೊಂಡೇ ಮೇಲೆ ಬರುತ್ತದೆ.

ನಮ್ಮ ವೈನಿ (ಅತ್ತಿಗೆ) ಆ ಸುಣ್ಣದ ಕಲೆಯನ್ನು ಕೊಳೆ ಅಂದುಕೊಂಡು, ಕೋಲಿಗೆ ಪಾತ್ರೆ ತಿಕ್ಕುವ ತಂತಿ ಸುತ್ತಿ ಮಗನ ಸ್ಕೂಲ್ ಬಾಟಲಿ ತಿಕ್ಕಿದರು. ಒಳಗೆಲ್ಲ ಗೀರು. ಮುಂದಿನ ತಿಂಗಳು ಸುಣ್ಣ ಆ ಗೀರಿನಲ್ಲೇ ಹೋಗಿ ಕೂತಿತು.

ಮೊದಲು ಸೋಪಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ.

ಆಮೇಲೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ನೋಡಲು ಸಕ್ಕರೆ ಹರಳಿನಂತೆ. ಲೀಟರ್ ಬಾಟಲಿಗೆ ಎರಡು ಚಮಚ, ಉಗುರುಬೆಚ್ಚಗಿನ ನೀರು. ಕುದಿಯುವ ನೀರು ಸುರಿದರೆ ತೆಳು ಬಾಟಲಿ ಸೊಟ್ಟಗಾಗುತ್ತದೆ. ಬಿಳಿ ವಿನೆಗರ್ ಕೂಡ ನಡೆಯುತ್ತದೆ, ಆದರೆ ಆ ವಾಸನೆ ನನಗಂತೂ ಬೇಡ.

ಎಲ್ಲರೂ ಎಡವುವುದು ಇಲ್ಲೇ. ಅರ್ಧ ತುಂಬಿ, ಕುಲುಕಿ, ಚೆಲ್ಲಿಬಿಡುತ್ತಾರೆ. ಹಾಗಲ್ಲ, ಬಾಯಿ ಮಟ್ಟ ತುಂಬಿ. ಯಾಕಂದರೆ ಕಲೆ ದಪ್ಪಗಿರುವುದು ಕತ್ತಿನ ಹತ್ತಿರ, ನೀರು ನಿಂತು ಒಣಗುವ ಗೆರೆಯಲ್ಲಿ. ಸ್ವಲ್ಪ ಹೊತ್ತಿಗೆ ಆ ಗೆರೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆ ಏಳುತ್ತವೆ. ಸುಣ್ಣಕ್ಕೆ ಹುಳಿ ತಾಗಿ ಗ್ಯಾಸ್ ಬಿಡುತ್ತಿದೆ ಅಂತ ಅರ್ಥ, ಅದಕ್ಕೇ ಬಾಟಲಿಗೆ ಮುಚ್ಚಳ ಹಾಕಬೇಡಿ. ಮುಚ್ಚಳದ ರಬ್ಬರ್ ರಿಂಗ್ ಬಿಚ್ಚಿ, ಎರಡನ್ನೂ ಬಟ್ಟಲಲ್ಲಿ ಅದೇ ನೀರಿಗೆ ಹಾಕಿ. ಒಂದು ತಾಸು ಸಾಕು, ವರ್ಷದ ಕಲೆಯಾದರೆ ರಾತ್ರಿಯಿಡೀ ಇರಲಿ. ಚೆಲ್ಲಿದ ಕೂಡಲೇ ಫಳಫಳ ಅನ್ನುತ್ತೆ ಅಂತ ಖುಷಿಪಡಬೇಡಿ, ಒದ್ದೆಯಿದ್ದಾಗ ಕಲೆ ಕಾಣುವುದೇ ಇಲ್ಲ. ಒಣಗಿದ ಮೇಲೆ ಕತ್ತಿನೊಳಗೆ ಬೆರಳಾಡಿಸಿ. ತರಿತರಿ ಅಂದರೆ ಇನ್ನೊಂದು ಸಲ ನೆನೆಸಿ.

ತಳದ ಮೂಲೆಯಲ್ಲಿ ಉಳಿದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಜೋರಾಗಿ ಕುಲುಕಿ.

ನಿಂಬೆ ಉಪ್ಪಿಗೆ ಅಡುಗೆ ಸೋಡಾ ಬೆರೆಸುವ ವಿಡಿಯೋ ನಂಬಬೇಡಿ. ಬುಸ್ ಅಂತ ನೊರೆ ಬರುತ್ತದೆ, ಹುಳಿಯ ಬಲವೇ ಹೋಗುತ್ತದೆ. ಸಂಡಾಸ ತೊಳೆಯುವ ಆ್ಯಸಿಡ್ ಅಂತೂ ಕುಡಿಯುವ ಬಾಟಲಿಯ ಹತ್ತಿರವೂ ತರಬೇಡಿ. ಬ್ಲೀಚಿಂಗ್ ಪೌಡರನ್ನು ಯಾವ ಹುಳಿಗೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಎರಡು ಮೂರು ಸಲ ಚೆನ್ನಾಗಿ ತೊಳೆಯಿರಿ. ಕೊನೆಯ ಸಲ ಮಾತ್ರ ಆರ್‌ಒ ಫಿಲ್ಟರ್ ನೀರು ಇರಲಿ, ಬೋರ್ ನೀರಾದರೆ ಹನಿ ಒಣಗಿದ ಕಡೆಯೆಲ್ಲ ಮತ್ತೆ ಬಿಳಿ ಚುಕ್ಕೆ. ಬೋರಲು ಹಾಕಿ ಒಣಗಿಸಿ.