ತೋಟೆಗೆ ಮದ್ದು ಮರುತುಂಬುವವರು ಕೈಪಿಡಿಯನ್ನು ಆರಿಸಿಕೊಳ್ಳುವುದು ಹೇಗೆ?

ಬಂದೂಕಿನಿಂದ ಒಮ್ಮೆ ಹಾರಿಸಿದ ತೋಟೆಯಲ್ಲಿ ಮತ್ತೆ ಬಳಕೆಗೆ ಬರುವುದು ಹಿತ್ತಾಳೆಯ ಕೋಶವೊಂದೇ. ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ಮೂರನ್ನೂ ಹೊಸದಾಗಿಯೇ ಹಾಕಬೇಕು. ಈ ಕೆಲಸಕ್ಕೆ ಎಷ್ಟೋ ದೇಶಗಳಲ್ಲಿ ಪರವಾನಗಿ ಬೇಕು, ಕೆಲವೆಡೆ ಮನೆಯಲ್ಲಿ ಮಾಡುವುದೇ ಅಪರಾಧ. ಹಾಗಾಗಿ ತಾವಿರುವಲ್ಲಿನ ಕಾನೂನನ್ನು ತಿಳಿದುಕೊಂಡ ಮೇಲೆಯೇ ಮುಂದಿನ ಮಾತು. ಕಾನೂನಿನ ಅಡ್ಡಿ ಇಲ್ಲದವರು ತೋಟೆ ಜೋಡಿಸುವ ಪ್ರೆಸ್ಸು, ತಕ್ಕಡಿಗಳಿಗಿಂತ ಮೊದಲು ಕೊಳ್ಳಬೇಕಾದದ್ದು ಯಾವ ಗುಂಡಿಗೆ ಯಾವ ಮದ್ದು ಎಷ್ಟೆಂದು ತಿಳಿಸುವ ಒಳ್ಳೆಯ ಕೈಪಿಡಿಯನ್ನು.

ಮೊದಲು, ಅದನ್ನು ಹೊರತಂದವರು ಯಾರೆಂದು ನೋಡಿ. ಹಾರ್ನಡಿ, ಸಿಯೆರಾ, ನಾಸ್ಲರ್‌ನಂಥ ಗುಂಡು ತಯಾರಕರ ಕೈಪಿಡಿಗಳು ತಮ್ಮ ಗುಂಡುಗಳಿಗಷ್ಟೇ ಸೀಮಿತವಾಗಿದ್ದು, ಅವುಗಳಿಗೆ ಹೊಂದುವ ಹಲವು ಮದ್ದುಗಳ ಪ್ರಮಾಣವನ್ನು ಕೊಡುತ್ತವೆ. ಹಾಜ್‌ಡನ್‌ನಂಥ ಮದ್ದಿನ ಕಂಪನಿಗಳದ್ದು ಇದಕ್ಕೆ ತಿರುವುಮುರುವು: ಮದ್ದು ಅವರದು, ಗುಂಡು ಹಲವರದು. ಲೈಮನ್‌ನಂಥ ಸಲಕರಣೆ ತಯಾರಕರು ಎಲ್ಲರ ಸರಕನ್ನೂ ಸೇರಿಸಿಕೊಳ್ಳುತ್ತಾರೆ. ಸೀಸವನ್ನು ಎರಕ ಹೊಯ್ದು ಗುಂಡು ಮಾಡಿಕೊಳ್ಳುವವರಿಗೆ ಇಂಥವು ಹೆಚ್ಚು ಉಪಯುಕ್ತ. ಹೊಸಬರು ತಾವು ಬಳಸಲಿರುವ ಗುಂಡಿನ ಕಂಪನಿಯದೇ ಕೈಪಿಡಿಯನ್ನು ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ನಂತರ, ನಿಮ್ಮ ತೋಟೆಯ ಕೋಷ್ಟಕವಿರುವ ಪುಟವನ್ನೇ ತೆರೆದು ಓದಿ. ಗುಂಡಿನ ತೂಕ, ಮದ್ದಿನ ಪೂರ್ಣ ಹೆಸರು, ಆರಂಭದ ಪ್ರಮಾಣ, ಗರಿಷ್ಠ ಪ್ರಮಾಣ ಇಷ್ಟಿದ್ದರೆ ಸಾಲದು. ಯಾವ ಕೋಶ, ಯಾವ ಪ್ರೈಮರ್, ತೋಟೆಯ ಒಟ್ಟು ಉದ್ದವೆಷ್ಟು, ಪರೀಕ್ಷೆಗೆ ಬಳಸಿದ ನಳಿಗೆಯ ಉದ್ದವೆಷ್ಟು ಎಂಬುದೂ ಇರಬೇಕು. ಗೋಡೆ ದಪ್ಪವಿರುವ ಕೋಶದಲ್ಲಿ ಒಳಜಾಗ ಕಡಿಮೆಯಾಗಿ, ಅದೇ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಅಪ್ಪಟ ತಾಮ್ರದ ಗುಂಡು ಸೀಸ ತುಂಬಿದ ಅಷ್ಟೇ ತೂಕದ ಗುಂಡಿಗಿಂತ ಉದ್ದವಾಗಿರುವುದರಿಂದ ಕೋಶದೊಳಗೆ ಆಳವಾಗಿ ಕೂರುತ್ತದೆ. ಹೀಗಾಗಿ ತೂಕ ಒಂದೇ ಎಂದು ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ. ಇಲ್ಲಿ ಅಳತೆಯ ಮಾನ ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. ಚಿಕ್ಕ ಪಿಸ್ತೂಲಿನ ತೋಟೆಯಲ್ಲಿ ಒಂದು ಗ್ರೇನ್ ಹೆಚ್ಚಾದರೂ ಅಪಾಯವಾದೀತು.

ಮದ್ದಿನ ಹೆಸರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಎಚ್ 4350, ಐಎಂಆರ್ 4350 ಎರಡರಲ್ಲೂ ಅಂಕಿ ಒಂದೇ ಆದರೂ ಮದ್ದು ಬೇರೆ, ಪ್ರಮಾಣವೂ ಬೇರೆ. ಬರಿಯ 4350 ಎಂದು ಅಚ್ಚಾಗಿರುವ ಪುಸ್ತಕವನ್ನು ಅಲ್ಲಿಯೇ ಬಿಟ್ಟುಬನ್ನಿ.

ಆವೃತ್ತಿಯ ವರ್ಷ ಮೂರನೆಯ ಪರೀಕ್ಷೆ. ಹಿಂದೆ ತಾಮ್ರದ ತುಣುಕೊಂದು ಎಷ್ಟು ಜಜ್ಜಿಹೋಯಿತೆಂದು ಅಳೆದು ಒತ್ತಡವನ್ನು ಲೆಕ್ಕ ಹಾಕುತ್ತಿದ್ದರು. ಈಗ ಆ ಕೆಲಸವನ್ನು ಹೆಚ್ಚಾಗಿ ವಿದ್ಯುತ್ ಸಂವೇದಕಗಳು ಮಾಡುತ್ತವೆ, ಮತ್ತು ಈ ಎರಡು ವಿಧಾನಗಳ ಅಂಕಿಗಳನ್ನು ಒಂದರಿಂದೊಂದಕ್ಕೆ ಪರಿವರ್ತಿಸಲು ನಂಬುವಂಥ ಸೂತ್ರವಿಲ್ಲ. ಹೊಸ ಆವೃತ್ತಿಯಲ್ಲಿ ಗರಿಷ್ಠ ಪ್ರಮಾಣ ಇಳಿದಿದ್ದರೆ ಅದನ್ನು ಕಂಪನಿಯ ಅತಿಜಾಗ್ರತೆಯೆಂದು ತಳ್ಳಿಹಾಕಬೇಡಿ. ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ್ದು ಓದಿನ ಖುಷಿಗೆ ಇರಲಿ.

ಕೋಷ್ಟಕಗಳಿಗಿಂತ ಮೊದಲು ಬರುವ ಅಧ್ಯಾಯಗಳನ್ನು ಹಾರಿಸಿ ಹೋಗುವವರೇ ಹೆಚ್ಚು, ಆದರೆ ಕೈಪಿಡಿಯ ಯೋಗ್ಯತೆ ತಿಳಿಯುವುದು ಅಲ್ಲಿಯೇ. ಗರಿಷ್ಠಕ್ಕಿಂತ ಶೇ 10ರಷ್ಟು ಕೆಳಗಿನಿಂದ ಆರಂಭಿಸುವುದು ಸಾಮಾನ್ಯ ರೂಢಿ. ಎಚ್ 110ರಂಥ ಮದ್ದಿಗೆ ಈ ರೂಢಿ ಸಲ್ಲದು. ಅದನ್ನು ಶೇ 3ಕ್ಕಿಂತ ಹೆಚ್ಚು ತಗ್ಗಿಸಬಾರದೆಂದು ತಯಾರಕರೇ ಹೇಳುತ್ತಾರೆ, ಏಕೆಂದರೆ ಕಡಿಮೆ ತುಂಬಿದಾಗ ಅದು ಸರಿಯಾಗಿ ಉರಿಯದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಇಂಥ ಅಪವಾದಗಳನ್ನು ಕಾರಣಸಹಿತ ವಿವರಿಸುವ ಕೈಪಿಡಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಆರಿಸಿದ್ದಾಯಿತೆಂದರೂ ತಾಳೆ ನೋಡಲು ಇನ್ನೊಂದು ಆಕರ ಬೇಕೇ ಬೇಕು; ಮದ್ದಿನ ಕಂಪನಿ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುವ ಅಂಕಿಗಳಾದರೂ ಸರಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಯಾವುದೋ ಒಂದು ತಪ್ಪೆಂದೇ ಅರ್ಥವಲ್ಲ; ಅವರ ನಳಿಗೆ, ಕೋಶ, ಮದ್ದಿನ ತಯಾರಿಕೆಯ ಕಂತು (ಲಾಟ್) ಬೇರೆಯಾಗಿದ್ದಿರಬಹುದು. ಕಡಿಮೆ ಇರುವ ಆರಂಭದ ಪ್ರಮಾಣವನ್ನು ಹಿಡಿಯಿರಿ, ಅಂತರ ದೊಡ್ಡದಿದ್ದರೆ ಕೈಯಿಟ್ಟ ಕೆಲಸ ನಿಲ್ಲಿಸಿ ಮದ್ದಿನ ಕಂಪನಿಯನ್ನೇ ಕೇಳಿ.

ಕೊನೆಗೆ ಪುಸ್ತಕದ ಹೊಲಿಗೆ, ಅಚ್ಚು. ಮೇಜಿನ ಮೇಲೆ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳದ, ಸಾಲಿನ ಅಂಕಿಗಳು ಒಂದಕ್ಕೊಂದು ಅಂಟಿಕೊಳ್ಳದೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಪ್ರತಿಯನ್ನೇ ಆರಿಸಿ. ತೂಕ ಮಾಡುವಾಗ ಕಣ್ಣು ಪಕ್ಕದ ಸಾಲಿಗೆ ಜಾರದಂತೆ ಓದುವ ಸಾಲಿನ ಕೆಳಗೆ ಅಡಿಪಟ್ಟಿಯನ್ನು ಇಟ್ಟುಕೊಳ್ಳಿ.